ಮೊದಲ ಫಜ್ ಪೆಡಲ್‌ಗೆ ‘ಜರ್ಮೇನಿಯಂ ಕಿಟ್’ ತರಿಸಬೇಡಿ

ಗಿಟಾರ್ ನುಡಿಸುವ ಮಕ್ಕಳು ಮನೆಯಲ್ಲಿದ್ದು, ತಾವೇ ಒಂದು ಫಜ್ ಪೆಡಲ್ (ಗಿಟಾರ್ ಸದ್ದನ್ನು ಬೇಕೆಂದೇ ಒರಟು ಮಾಡುವ, ಕಾಲಲ್ಲಿ ಒತ್ತುವ ಡಬ್ಬ) ಕಟ್ಟುತ್ತೇವೆ ಅಂತ ಹೊರಟಿದ್ದರೆ ದಯವಿಟ್ಟು ಇದನ್ನು ಓದಿ. ‘ಒರಿಜಿನಲ್ ವಿಂಟೇಜ್ ಜರ್ಮೇನಿಯಂ, ಮ್ಯಾಚ್ ಮಾಡಿದ ಜೋಡಿ, ಹೊಸಬರಿಗೂ ಸುಲಭ’ ಅಂತ ಆನ್‌ಲೈನ್‌ನಲ್ಲಿ ಕಿಟ್ ಮಾರುತ್ತಾರೆ. ಜರ್ಮೇನಿಯಂ ಅಂದರೆ ಸದ್ದು ಹಿಗ್ಗಿಸುವ ಟ್ರಾನ್ಸಿಸ್ಟರ್ ಅನ್ನುವ ಬಿಡಿಭಾಗವನ್ನು ಹಿಂದೆ ಮಾಡುತ್ತಿದ್ದ ವಸ್ತು, ಈಗ ಹೆಚ್ಚಾಗಿ ಸಿಲಿಕಾನ್. ಅಂಥದ್ದೊಂದನ್ನು ತರಿಸಿ ನಮ್ಮ ಮನೆಯಲ್ಲಿ ಎರಡೂವರೆ ಸಾವಿರ ರೂಪಾಯಿ ಹೋಯಿತು, ಒಂದು ಅಡಾಪ್ಟರ್ ಸುಟ್ಟಿತು. ಅದಕ್ಕಿಂತ ಬೇಸರ ಏನೆಂದರೆ, ಈ ಕೆಲಸ ತನ್ನ ಕೈಯಲ್ಲಿ ಆಗುವುದೇ ಇಲ್ಲ ಅಂತ ಒಬ್ಬ ಹುಡುಗ ನಂಬಿಬಿಟ್ಟಿದ್ದ.

ಹುಡುಗ ಅಕ್ಕನ ಮಗ, ಪಿಯುಸಿ ಓದುತ್ತಿದ್ದಾನೆ. ಅವರ ಮನೆ ಮಂಗಳೂರಿನ ಬಿಜೈಯಲ್ಲಿ, ನಮ್ಮದರಿಂದ ನಡೆದು ಹೋಗುವಷ್ಟೇ ದೂರ. ನೆಂಟರು ಕೊಟ್ಟ ದುಡ್ಡು ಕೂಡಿಟ್ಟು ಕಿಟ್ ತರಿಸಿದ್ದ. ಬೆಸುಗೆ ಹಾಕುವುದನ್ನು ಹಳೇ ಬೋರ್ಡ್ ಮೇಲೆ ಮೊದಲೇ ಅಭ್ಯಾಸ ಮಾಡಿಕೊಂಡಿದ್ದ.

ಅವನು ಆರಿಸಿದ ಸರ್ಕ್ಯೂಟ್ ಒಳ್ಳೆಯದೇ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ ಫಜ್ ಫೇಸ್ ಪೆಡಲ್‌ನದ್ದು ಅದು. ಜಿಮಿ ಹೆಂಡ್ರಿಕ್ಸ್ ಬಳಸಿದ ಪೆಡಲ್ ಅಂದರೆ ಗಿಟಾರ್‌ನವರಿಗೆ ಬೇರೆ ಪರಿಚಯ ಬೇಡ. ಒಳಗೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಕಂಟ್ರೋಲ್, ಅಷ್ಟೇ. ಶುರುವಿನಲ್ಲಿ ಅದಕ್ಕೆ ಎನ್‌ಕೆಟಿ275 ಅನ್ನುವ ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಅದೇ ಕಂಪನಿ ಬಿಸಿ108ನಂಥ ಸಿಲಿಕಾನ್‌ಗೆ ಬಂತು. ಆದರೂ ಜರ್ಮೇನಿಯಂ ಅಂದರೆ ಜನ ಜೀವ ಬಿಡುತ್ತಾರೆ. ಅದಕ್ಕೆ ಕಾರಣವೂ ಇದೆ. ಗಿಟಾರ್‌ನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಸಾಕು, ಸ್ವರ ತಾನಾಗಿ ತಿಳಿಯಾಗುತ್ತದೆ. ಮಾರುವವರು ಹಿಡಿದುಕೊಳ್ಳುವುದು ಈ ಆಸೆಯನ್ನೇ.

ಕಿಟ್‌ನಲ್ಲಿ ಬಂದದ್ದು ಎಸಿ128 ಅಂತ ಬರೆದ ಎರಡು ಲೋಹದ ಕೊಳವೆಗಳು. ಹಳೇ ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿದವರಿಗೆ ಗುರುತು ಸಿಗುತ್ತದೆ. ಹುಡುಗ ಎಲ್ಲವನ್ನೂ ಕಾಗದದಲ್ಲಿ ಹೇಳಿದ ಹಾಗೇ ಜೋಡಿಸಿದ. ಬೆಳಿಗ್ಗೆ ಕರಕರ ಅಂತ ಹರಿದ ಸದ್ದು ಬರುತ್ತಿತ್ತು. ಸ್ವರ ಹಿಡಿದರೆ ನಿಲ್ಲುತ್ತಿರಲಿಲ್ಲ, ತಕ್ಷಣ ಸತ್ತುಹೋಗುತ್ತಿತ್ತು. ಮಧ್ಯಾಹ್ನ ಬಿಸಿಲೇರಿದ ಮೇಲೆ ಅದೂ ಇಲ್ಲ. ಪಾಪ, ಒಂದೊಂದು ಬೆಸುಗೆಯನ್ನೂ ಕಿತ್ತು ಮತ್ತೆ ಹಾಕಿದ. ಕೊನೆಗೆ ಬೋರ್ಡನ್ನು ನನ್ನ ಮುಂದಿಟ್ಟು, “ನನಗೆ ಇದೆಲ್ಲ ಆಗುದಿಲ್ಲ ಮಾಮ” ಅಂದ.

ಬೋರ್ಡ್ ತಿರುಗಿಸಿ ನೋಡಿದರೆ ಬೆಸುಗೆ ಚೆನ್ನಾಗಿಯೇ ಇತ್ತು. ಟ್ರಾನ್ಸಿಸ್ಟರ್‌ಗೆ ಕಲೆಕ್ಟರ್, ಬೇಸ್, ಎಮಿಟರ್ ಅಂತ ಮೂರು ಕಾಲು. ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ ಬ್ಯಾಟರಿಯ ಅರ್ಧದಷ್ಟು, ಅಂದರೆ ಸುಮಾರು 4.5 ವೋಲ್ಟ್ ಇರಬೇಕು. ಅಲ್ಲಿ 1 ವೋಲ್ಟ್ ಹತ್ತಿರ ತೋರಿಸುತ್ತಿತ್ತು. ಸರಿ ಅಂತ ಎರಡೂ ಟ್ರಾನ್ಸಿಸ್ಟರ್ ಬಿಚ್ಚಿ ಮಲ್ಟಿಮೀಟರ್‌ನ ಡಯೋಡ್ ಸ್ಥಾನದಲ್ಲಿ ಬೇಸ್ ಮತ್ತು ಎಮಿಟರ್ ನಡುವೆ ಅಳೆದೆವು. ಜರ್ಮೇನಿಯಂ ಆದರೆ 0.2ರಿಂದ 0.3 ವೋಲ್ಟ್ ಬರಬೇಕು. ಒಂದರಲ್ಲಿ 0.65 ಬಂತು. ಅದು ಸಿಲಿಕಾನ್, ಸಂಶಯವೇ ಬೇಡ. ಸ್ಪಿರಿಟ್‌ನಲ್ಲಿ ಒರೆಸಿದರೆ ಎಸಿ128 ಅನ್ನುವ ಅಕ್ಷರ ಹತ್ತಿಗೆ ಬಂತು. ನಿಜವಾದ ಹಳೇ ಟ್ರಾನ್ಸಿಸ್ಟರ್‌ನ ಅಕ್ಷರವೂ ಅಳಿಸಬಹುದು, ಅದೊಂದೇ ಸಾಕ್ಷಿಯಾಗುವುದಿಲ್ಲ. ಆದರೆ ಇದರ ಅಕ್ಷರದ ಕೆಳಗೆ ಉಪ್ಪುಕಾಗದದಲ್ಲಿ ಉಜ್ಜಿದ ಗೆರೆಗಳಿದ್ದವು.

ಇನ್ನೊಂದು ಜರ್ಮೇನಿಯಂ ಹೌದು, ಆದರೆ ವಿಪರೀತ ಸೋರುತ್ತಿತ್ತು, ಅಂದರೆ ಆಫ್ ಇರಬೇಕಾದಾಗಲೂ ಅದರಲ್ಲಿ ಕರೆಂಟ್ ಹರಿಯುತ್ತಿತ್ತು. ಇದನ್ನು ನೋಡುವ ವಿಧಾನ ಎಲ್ಲರೂ ಕಲಿಯಬೇಕು. ಎಸಿ128 ಪಿಎನ್‌ಪಿ ಜಾತಿಯದ್ದು, ಅಂದರೆ ಪ್ಲಸ್ ಎಮಿಟರ್ ಕಡೆಗೆ ಬರಬೇಕು; ಎನ್‌ಪಿಎನ್ ಜಾತಿಯದ್ದಕ್ಕೆ ಇದು ತಿರುಗುಮುರುಗು. 9 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಎಮಿಟರ್‌ಗೆ ಕೊಡಿ. ಕಲೆಕ್ಟರ್‌ನಿಂದ 2.2 ಕಿಲೋ ಓಮ್ ರೆಸಿಸ್ಟರ್ ಮೂಲಕ ಮೈನಸ್‌ಗೆ ಹೋಗಿ. ಬೇಸ್‌ನ ಕಾಲನ್ನು ಎಲ್ಲಿಗೂ ಸೇರಿಸದೆ ಹಾಗೇ ಬಿಡಿ. ಈಗ ರೆಸಿಸ್ಟರ್‌ನ ಎರಡು ತುದಿಯ ನಡುವೆ ಎಷ್ಟು ವೋಲ್ಟ್ ಇದೆ ನೋಡಿ. ಸಿಲಿಕಾನ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಜರ್ಮೇನಿಯಂನಲ್ಲಿ ಏನಾದರೂ ಇದ್ದೇ ಇರುತ್ತದೆ. 0.6 ದಾಟಿದರೆ ಫಜ್ ಫೇಸ್‌ಗೆ ಅದು ಬೇಡ. ನಮ್ಮದು ಒಂದೂವರೆ ವೋಲ್ಟ್ ತೋರಿಸಿತು. ಹುಡುಗ ಅದನ್ನು ಎರಡು ಬೆರಳಲ್ಲಿ ಸುಮ್ನೆ ಹಿಡಿದುಕೊಂಡ. ಮೈಯ ಬಿಸಿ ತಾಗಿದ ಹಾಗೆ ಅಂಕಿ ಏರುತ್ತಾ ಹೋಯಿತು, ಬಿಟ್ಟ ಮೇಲೆ ನಿಧಾನವಾಗಿ ಇಳಿಯಿತು. ಇನ್ನೊಂದನ್ನು ಎಷ್ಟು ಹೊತ್ತು ಹಿಡಿದರೂ ಅಂಕಿ ಅಲುಗಲಿಲ್ಲ. ಅವನ ಮುಖದಲ್ಲಿ ಗೆಲುವು ಬಂದದ್ದು ಆಗಲೇ.

ಟ್ರಾನ್ಸಿಸ್ಟರ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅಂತ ತೋರಿಸುವ ಮೀಟರ್‌ನ ಎಚ್‌ಎಫ್‌ಇ ತೂತಿನಲ್ಲಿ ಇಟ್ಟು ನೋಡಿದರೆ ಸಾಕಾಗುವುದಿಲ್ಲ. ಅದು ಸೋರುವ ಕರೆಂಟನ್ನೂ ಸೇರಿಸಿಕೊಂಡು ದೊಡ್ಡ ಅಂಕಿ ತೋರಿಸುತ್ತದೆ. ‘ಮ್ಯಾಚ್ ಮಾಡಿದ ಜೋಡಿ’ ಅಂತ ಚೀಟಿ ಅಂಟಿಸುವ ಎಷ್ಟೋ ಜನ ಅಳೆಯುವುದು ಹಾಗೇ ಅಂತ ನನ್ನ ಅನುಮಾನ.

ನಮ್ಮ ಊರಿನವರು ಇನ್ನೊಂದು ವಿಷಯ ಯೋಚಿಸಬೇಕು. ಜರ್ಮೇನಿಯಂನ ಸೋರಿಕೆ ಸುಮಾರು 10 ಡಿಗ್ರಿ ಏರಿದಾಗ ಎರಡರಷ್ಟಾಗುತ್ತದೆ. ಲಂಡನ್ನಿನ ತಂಪಿನಲ್ಲಿ ಚೆನ್ನಾಗಿ ನುಡಿಯುವ ಜೋಡಿ ಮಂಗಳೂರಿನ ಮೇ ತಿಂಗಳಲ್ಲಿ, 33–34 ಡಿಗ್ರಿ ಸೆಖೆಯಲ್ಲಿ, ಶೀಟಿನ ಮಾಡಿನ ಕೋಣೆಯಲ್ಲಿ ಹಾಗೇ ಇರುತ್ತದೆ ಅನ್ನುವಂತಿಲ್ಲ. ಒಳ್ಳೆಯ ಜರ್ಮೇನಿಯಂ ಸಿಕ್ಕಿದರೂ ಇಲ್ಲಿ ಅದಕ್ಕೆ ಆಗಾಗ ಬಯಾಸ್ (ಕಲೆಕ್ಟರ್‌ನ ಆ 4.5 ವೋಲ್ಟ್ ಹೊಂದಾಣಿಕೆ) ತಿದ್ದಬೇಕಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಇದು ಬೇಕಾ?

ಇನ್ನು ಅಡಾಪ್ಟರ್ ಸುಟ್ಟ ಕಥೆ. ಕಿಟ್‌ನ ಕಾಗದದಲ್ಲಿ ‘ಯಾವುದೇ 9 ವೋಲ್ಟ್ ಪೆಡಲ್ ಅಡಾಪ್ಟರ್ ಆಗುತ್ತದೆ’ ಅಂತ ಇತ್ತು. ಪ್ರಾಕ್ಟೀಸ್‌ಗೆ ಹೋದಾಗ ಹುಡುಗ ತನ್ನ ಪೆಡಲನ್ನು ಗೆಳೆಯನ ಕೋರಸ್ ಪೆಡಲ್ ಜೊತೆ ಒಂದೇ ಅಡಾಪ್ಟರ್‌ನ ಕವಲು ವಯರಿಗೆ ಹಾಕಿದ. ಗಿಟಾರ್ ಕೇಬಲ್ ಸೇರಿಸಿದ ಕ್ಷಣ ಎಲ್ಲ ದೀಪ ಆರಿ, ಅಡಾಪ್ಟರ್‌ನಿಂದ ಸುಟ್ಟ ವಾಸನೆ ಬಂತು. “ಎಂತ ಮಾರಾಯ ಇದು!” ಅಂತ ಗೆಳೆಯ ಕೂಗಿದನಂತೆ. ಪಿಎನ್‌ಪಿ ಟ್ರಾನ್ಸಿಸ್ಟರ್‌ನ ಹಳೇ ಮಾದರಿಯಲ್ಲಿ ಬ್ಯಾಟರಿಯ ಪ್ಲಸ್ ಗ್ರೌಂಡ್‌ಗೆ (ಕೇಬಲ್‌ನ ಜಾಲರಿ ಸೇರುವ ಸಾಮಾನ್ಯ ತಂತಿಗೆ) ಸೇರಿರುತ್ತದೆ. ಬೇರೆ ಹೆಚ್ಚಿನ ಎಲ್ಲ ಪೆಡಲ್‌ಗಳಲ್ಲಿ ಗ್ರೌಂಡ್‌ಗೆ ಸೇರುವುದು ಮೈನಸ್. ಒಂದೇ ಅಡಾಪ್ಟರ್‌ನಿಂದ ಎರಡಕ್ಕೂ ಕರೆಂಟ್ ಕೊಟ್ಟು ನಡುವೆ ಕೇಬಲ್ ಹಾಕಿದರೆ, ಕೇಬಲ್‌ನ ಹೊರಗಿನ ಜಾಲರಿಯ ಮೂಲಕ ಪ್ಲಸ್ ಮೈನಸ್ ನೇರ ಶಾರ್ಟ್ ಆಗುತ್ತವೆ. ಒಳ್ಳೆಯ ಅಡಾಪ್ಟರ್ ಆದರೆ ತಾನೇ ನಿಂತುಬಿಡುತ್ತದೆ. ಅಗ್ಗದ್ದು ಸುಡುತ್ತದೆ. ಈ ಒಂದು ಸಾಲನ್ನು ಕಾಗದದಲ್ಲಿ ಬರೆಯದೆ ‘ಹೊಸಬರಿಗೆ ಸುಲಭ’ ಅಂತ ಮಾರಿದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಮಾರಿದವರಿಗೆ ಅಳತೆಯ ಫೋಟೊ ಸಮೇತ ಬರೆದೆವು. ‘ಜರ್ಮೇನಿಯಂ ಅಂದರೆ ಹಾಗೇ, ಮೇಲಾಗಿ ನೀವು ಬೆಸುಗೆ ಹಾಕಿದ್ದೀರಿ, ವಾಪಸ್ ಇಲ್ಲ’ ಅಂತ ಉತ್ತರ ಬಂತು. ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಅದೇ ಡಬ್ಬದಲ್ಲಿ ಸಿಲಿಕಾನ್ ಫಜ್ ಕಟ್ಟಿದೆವು. ಹೊಸಬರು ಶುರು ಮಾಡಬೇಕಾದ್ದು ಇಲ್ಲಿಂದಲೇ. ಹಂಪನಕಟ್ಟೆ ಕಡೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಿಸಿ547 ಕೇಳಿದರೆ ಕೆಲವೇ ರೂಪಾಯಿಗೆ ಕೊಡುತ್ತಾರೆ. ನಾಲ್ಕೈದು ಜಾಸ್ತಿಯೇ ತನ್ನಿ. ಇದು ಎನ್‌ಪಿಎನ್, ಹಾಗಾಗಿ ಗ್ರೌಂಡ್‌ಗೆ ಹೋಗುವುದು ಮೈನಸ್, ಬೇರೆ ಪೆಡಲ್‌ಗಳ ಜೊತೆ ಜಗಳ ಇಲ್ಲ. ಚಪ್ಪಟೆ ಮುಖ ನಿಮ್ಮ ಕಡೆಗಿಟ್ಟು ಕಾಲು ಕೆಳಗೆ ಮಾಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇರೆ ನಂಬರಿನವುಗಳಲ್ಲಿ ಈ ಕ್ರಮ ಬದಲಾಗುತ್ತದೆ, ನೋಡಿಕೊಂಡು ಹಾಕಿ. ಎರಡನೇ ಟ್ರಾನ್ಸಿಸ್ಟರ್‌ನ 8.2 ಕಿಲೋ ಓಮ್ ರೆಸಿಸ್ಟರ್ ಇರುವ ಜಾಗಕ್ಕೆ 10 ಕಿಲೋದ ಪ್ರೀಸೆಟ್ (ತಿರುಗಿಸಿ ಬದಲಿಸುವ ಪುಟ್ಟ ರೆಸಿಸ್ಟರ್) ಹಾಕಿ, ಕಲೆಕ್ಟರ್‌ನಲ್ಲಿ 4.5 ವೋಲ್ಟ್ ಬರುವ ತನಕ ತಿರುಗಿಸಿ. ಸಿಲಿಕಾನ್‌ನ ಸದ್ದು ಸ್ವಲ್ಪ ಚೂಪು. ಕೆಲವು ಕಡೆ ರೇಡಿಯೊ ಸ್ಟೇಷನ್ನನ್ನೂ ಹಿಡಿದುಬಿಡುತ್ತದೆ. ಮೊದಲ ಟ್ರಾನ್ಸಿಸ್ಟರ್‌ನ ಬೇಸ್ ಮತ್ತು ಕಲೆಕ್ಟರ್ ನಡುವೆ 100 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಎರಡೂ ಹತೋಟಿಗೆ ಬರುತ್ತವೆ.

ಅಡಾಪ್ಟರ್ ಸಾಕೆಟ್ ಇಡಲೇ ಬೇಡಿ, 9 ವೋಲ್ಟ್ ಬ್ಯಾಟರಿ ಸಾಕು. ಈ ಸರ್ಕ್ಯೂಟ್ 1 ಮಿಲಿಆಂಪ್ ಆಸುಪಾಸಿನಷ್ಟೇ ಎಳೆಯುತ್ತದೆ, ಬ್ಯಾಟರಿ ತುಂಬಾ ದಿನ ಬರುತ್ತದೆ. ಇನ್‌ಪುಟ್‌ಗೆ ಸ್ಟೀರಿಯೊ ಜ್ಯಾಕ್ ಹಾಕಿ ಬ್ಯಾಟರಿಯ ಮೈನಸ್ಸನ್ನು ಅದರ ರಿಂಗ್‌ಗೆ ಕೊಟ್ಟರೆ ಕೇಬಲ್ ತೆಗೆದಾಗ ತಾನೇ ಆಫ್ ಆಗುತ್ತದೆ. ನಮ್ಮ ಮಳೆಗಾಲಕ್ಕೆ ಬೋರ್ಡಿನ ತಾಮ್ರ ಹಸಿರು ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಒಂದು ಕೈ ಕ್ಲಿಯರ್ ಲ್ಯಾಕರ್ ಹೊಡೆಯಿರಿ.

ಈಗಾಗಲೇ ಜರ್ಮೇನಿಯಂ ಕಿಟ್ ತರಿಸಿದವರಿದ್ದರೆ, ಪಾರ್ಸೆಲ್ ಒಡೆಯುವಾಗಲೇ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲೇ ಮೇಲೆ ಹೇಳಿದ ಎರಡೂ ಅಳತೆ ಮಾಡಿ, ಮೀಟರ್‌ನ ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ವಾಪಸ್ ಕೊಡುವ ಗಡುವಿನ ಒಳಗೆ ಇದೆಲ್ಲ ಆಗಬೇಕು. ಟ್ರಾನ್ಸಿಸ್ಟರ್‌ನ ಕಾಲಿಗೆ ಬೆಸುಗೆ ತಾಗಿದ ಮೇಲೆ ಅವರು ಒಪ್ಪುವುದಿಲ್ಲ.