ಜಿಯೋಫೋನಿನ ರೆಸ್ಪಾನ್ಸ್ ಚೆಕ್ ಮಾಡಲು ಆಬ್ಸ್‌ಪೈ, ಎವಾಲ್‌ರೆಸ್ಪ್, ಸ್ಯಾಕ್: ಬಳಸಿ ನೋಡಿದ ಮೇಲೆ

ಜಿಯೋಫೋನ್ ಎಂದರೆ ನೆಲದ ಅದುರನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸೆನ್ಸರ್. ಯಾವ ಫ್ರೀಕ್ವೆನ್ಸಿಯ ಅದುರಿಗೆ ಅದು ಎಷ್ಟು ಸಿಗ್ನಲ್ ಕೊಡುತ್ತದೆ ಎಂಬುದೇ ಅದರ ರೆಸ್ಪಾನ್ಸ್. ಅದನ್ನು ಚೆಕ್ ಮಾಡುವ ಈ ಮೂರು ಸಾಫ್ಟ್‌ವೇರ್‌ಗಳಲ್ಲಿ ನನ್ನ ಓಟು ಪೈಥಾನ್ ಲೈಬ್ರರಿಯಾದ ಆಬ್ಸ್‌ಪೈಗೆ. ಮುಂದಿನದನ್ನು ಆ ಪಕ್ಷಪಾತ ಗೊತ್ತಿಟ್ಟುಕೊಂಡೇ ಓದಿ.

ಮಂಡ್ಯದಲ್ಲಿ ನಮ್ಮ ಮನೆ ರೈಲು ಹಳಿಗೆ ಹತ್ತಿರ. ಪಾಂಡವಪುರದ ಕಡೆ ಕ್ವಾರಿಯಲ್ಲಿ ಬಂಡೆ ಸಿಡಿಸಿದರೆ ಇಲ್ಲಿಗೆ ಎಷ್ಟು ಮುಟ್ಟುತ್ತದೆ ಎಂದು ನೋಡುವ ಹುಚ್ಚಿಗೆ ಸ್ವಂತ ಫ್ರೀಕ್ವೆನ್ಸಿ 4.5 ಹರ್ಟ್ಸ್ ಇರುವ ಜಿಯೋಫೋನ್, ಅದರ ಸಿಗ್ನಲ್ಲನ್ನು ಅಂಕಿಯಾಗಿಸುವ ಡಿಜಿಟೈಸರ್ ತರಿಸಿದೆ. ಮಾಲು ಚೆನ್ನಾಗಿದೆ. ಮಾರಿದವರು ಜೊತೆಗೆ ಕೊಟ್ಟ ಸ್ಟೇಷನ್‌ಎಕ್ಸ್‌ಎಮ್‌ಎಲ್ ಫೈಲ್ (ರೆಸ್ಪಾನ್ಸ್ ವಿವರ ಬರೆದಿಡುವ ಫೈಲ್) ಮಾತ್ರ ಕೈಕೊಟ್ಟಿತು.

ಫೈಲಿನಲ್ಲಿ ಪೋಲ್‌ಗಳು (ರೆಸ್ಪಾನ್ಸ್ ಗೆರೆಯ ಆಕಾರ ಹೇಳುವ ಅಂಕಿಗಳು) −3.15 ± 3.21i ಎಂದಿದ್ದವು. ಪಕ್ಕದಲ್ಲೇ ಯೂನಿಟ್ಟು ರೇಡಿಯನ್/ಸೆಕೆಂಡ್. ಡ್ಯಾಂಪಿಂಗ್ (ಒಳಗಿನ ಓಲಾಟಕ್ಕೆ ಬೀಳುವ ತಡೆ) 0.7 ಇರುವ 4.5 ಹರ್ಟ್ಸ್ ಜಿಯೋಫೋನಿಗೆ ಆ ಯೂನಿಟ್ಟಿನಲ್ಲಿ −19.8 ± 20.2i ಬರಬೇಕು. ಅಂದರೆ ಹರ್ಟ್ಸ್‌ನಲ್ಲಿರುವ ಅಂಕಿಯನ್ನು 2π ಯಿಂದ ಗುಣಿಸದೆ ಹಾಗೇ ತುಂಬಿದ್ದಾರೆ. ಕೇಳಿದರೆ, 'ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಸಾರ್' ಅಂದರು. ಮಾಡಿರಲಿಕ್ಕಿಲ್ಲ, ಏಕೆಂದರೆ ಈ ತಪ್ಪು ಸುಲಭಕ್ಕೆ ಸಿಗುವುದೇ ಇಲ್ಲ. ಎರಡು ಜೀರೊ (ಪೋಲ್‌ನಂತೆ ಇವೂ ಆಕಾರ ಹೇಳುವ ಅಂಕಿಗಳೇ), ಎರಡು ಪೋಲ್ ಇರುವುದರಿಂದ ನಾರ್ಮಲೈಸೇಷನ್ ಫ್ಯಾಕ್ಟರ್ (ಗೆರೆಯ ಎತ್ತರ ಸರಿಹೊಂದಿಸುವ ಗುಣಕ) ಹೇಗಿದ್ದರೂ 1 ರ ಆಸುಪಾಸೇ. ಲೆಕ್ಕ ತಾಳೆಯಾಗಿಬಿಡುತ್ತದೆ. 10 ಹರ್ಟ್ಸ್ ಮೇಲೆ ರೈಲಿನ ಅದುರೂ ಸರಿಯಾಗೇ ಕಾಣುತ್ತದೆ. ಕೆಳಗೆ ಹೋದಂತೆ ಎಡವಟ್ಟು. 1 ಹರ್ಟ್ಸ್‌ನಲ್ಲಿ ನೆಲದ ಚಲನೆ ಇರುವುದಕ್ಕಿಂತ ಸುಮಾರು 18 ಪಟ್ಟು ಕಮ್ಮಿ ಬರುತ್ತದೆ!

ಆಬ್ಸ್‌ಪೈಯಲ್ಲಿ ಫೈಲ್ ಓದಿಸಿ, ಒಂದು ಸಾಲು ಕೊಟ್ಟರೆ ಗ್ರಾಫ್ ಬರುತ್ತದೆ. ಮೇಲೆ ಆಂಪ್ಲಿಟ್ಯೂಡ್ (ಸಿಗ್ನಲ್ ಎಷ್ಟು ದೊಡ್ಡದು), ಕೆಳಗೆ ಫೇಸ್ (ನೆಲದ ಅಲೆಗಿಂತ ಸಿಗ್ನಲ್ ಎಷ್ಟು ಹಿಂದೆ-ಮುಂದೆ). ಫೇಸ್ ಗೆರೆ π/2 ದಾಟುವ ಜಾಗ ನೋಡಿ. ಡ್ಯಾಂಪಿಂಗ್ ಎಷ್ಟೇ ಇರಲಿ, ಜಿಯೋಫೋನಿನ ಸ್ವಂತ ಫ್ರೀಕ್ವೆನ್ಸಿ ಅಲ್ಲೇ. ನನ್ನದು 4.5 ರಲ್ಲಿ ದಾಟಬೇಕಿತ್ತು, ದಾಟಿದ್ದು 0.7 ರ ಹತ್ತಿರ. ಅಲ್ಲಿಗೆ ಕಳ್ಳ ಸಿಕ್ಕ. ಪೋಲ್ ತಿದ್ದಿ ಮತ್ತೆ ಗ್ರಾಫ್ ಹಾಕಿದೆ, ಗೆರೆ ಜಾಗಕ್ಕೆ ಬಂತು. ಪೈಥಾನ್ ವರ್ಷನ್ ಬದಲಾದಾಗ ಇನ್‌ಸ್ಟಾಲ್ ಸ್ವಲ್ಪ ತಲೆ ತಿನ್ನುತ್ತದೆ, ಅದು ನಿಜ.

ರೆಸ್ಪಾನ್ಸ್ ಲೆಕ್ಕ ಹಾಕುವುದಕ್ಕೇ ಇರುವ ಪ್ರೋಗ್ರಾಮ್ ಎವಾಲ್‌ರೆಸ್ಪ್ ಕೊಡುವ ಉತ್ತರವೂ ಅದೇ. ಆಬ್ಸ್‌ಪೈ ಒಳಗೆ ಕೂತಿರುವುದೂ ಅದರ ಕೋಡೇ ಅಲ್ವಾ. ಆದರೆ ಇದು ಆಂಪ್ಲಿಟ್ಯೂಡ್, ಫೇಸ್ ಎರಡನ್ನೂ ಬೇರೆ ಬೇರೆ ಟೆಕ್ಸ್ಟ್ ಫೈಲಾಗಿ ಬರೆದು ಸುಮ್ಮನಾಗುತ್ತದೆ. ಗ್ರಾಫ್ ನಾವೇ ಹಾಕಿಕೊಳ್ಳಬೇಕು. ರಾಶಿ ಸ್ಟೇಷನ್‌ಗಳನ್ನು ಸ್ಕ್ರಿಪ್ಟಿನಲ್ಲಿ ಓಡಿಸುವವರಿಗೆ ಸರಿ.

ಭೂಕಂಪದ ರೆಕಾರ್ಡಿಂಗ್ ವಿಶ್ಲೇಷಿಸುವ ಪ್ರೋಗ್ರಾಮ್ ಸ್ಯಾಕ್ ಬೇಕಾದರೆ ಮೊದಲು ಅರ್ಜಿ ತುಂಬಬೇಕು. ಇನ್ನೊಂದು ಕಿರಿಕಿರಿ: ಅದರಲ್ಲಿ ಎವಾಲ್‌ರೆಸ್ಪ್ ದಾರಿಯಲ್ಲಿ ರೆಕಾರ್ಡಿಂಗಿನಿಂದ ರೆಸ್ಪಾನ್ಸಿನ ಪ್ರಭಾವ ಕಳೆದರೆ ಉತ್ತರ ನ್ಯಾನೋಮೀಟರಿನಲ್ಲಿ, ಮೀಟರ್ ಲೆಕ್ಕದ ಪೋಲ್‌ಜೀರೊ ಫೈಲ್ ಕೊಟ್ಟರೆ ಮೀಟರಿನಲ್ಲಿ. ಯೂನಿಟ್ಟಿನಿಂದಲೇ ಸುಟ್ಟುಕೊಂಡವನಿಗೆ ಇದು ಬೇಡ.

ಈ ಮೂರೂ ಫೈಲಿನಲ್ಲಿ ಏನಿದೆಯೋ ಅದನ್ನಷ್ಟೇ ತೋರಿಸುತ್ತವೆ. ಕೈಯಲ್ಲಿರುವ ಜಿಯೋಫೋನ್ ನಿಜಕ್ಕೂ 4.5 ಹರ್ಟ್ಸಾ ಎಂದು ಅಳೆಯಬೇಕಾದರೆ ಗೊತ್ತಿರುವ ಸಿಗ್ನಲ್ ಕೊಟ್ಟು, ಬಂದದ್ದನ್ನು ರೆಕಾರ್ಡ್ ಮಾಡಿ, ಭೂಕಂಪ ವಿಜ್ಞಾನಿ ವೀಲಾಂಟ್ ಅವರ ಕ್ಯಾಲೆಕ್ಸ್‌ನಂಥ ಪ್ರೋಗ್ರಾಮಿಗೆ ಹಾಕಬೇಕು. ಪೀರಿಯಡ್ (1 ÷ ಫ್ರೀಕ್ವೆನ್ಸಿ), ಡ್ಯಾಂಪಿಂಗ್ ಎರಡನ್ನೂ ಅದು ಹುಡುಕಿಕೊಡುತ್ತದೆ. ನಾನಿನ್ನೂ ಆ ವೈರಿಂಗಿಗೆ ಕೈ ಹಾಕಿಲ್ಲ.

ನನ್ನದು ಹಳೇ ಲ್ಯಾಪ್‌ಟಾಪು, ಸಾಫ್ಟ್‌ವೇರಿಗೆ ಇಟ್ಟ ಬಜೆಟ್ಟು ಸೊನ್ನೆ, ದಿನಾ ಬರೆಯುವುದು ಪೈಥಾನ್. ನೀವು ವರ್ಷಗಟ್ಟಲೆ ಸ್ಯಾಕ್ ಮ್ಯಾಕ್ರೋ ಬರೆದವರಾದರೆ ಸುಮ್ನೆ ಬದಲಾಯಿಸಬೇಡಿ. ಹೊಸದಾಗಿ ಜಿಯೋಫೋನ್ ತರಿಸಿದವರು ಮಾತ್ರ ಮೊದಲ ದಿನವೇ ಆಬ್ಸ್‌ಪೈಯಲ್ಲಿ ಆ ಗ್ರಾಫ್ ಹಾಕಿ ನೋಡಿ. ಫೈಲ್ ತಪ್ಪಿದ್ದರೆ ವಾರಂಟಿ ಮುಗಿಯುವುದರೊಳಗೆ ಮಾರಿದವರಿಗೆ ಕಳಿಸಬಹುದು.