ಬೆಕ್ಕಿಗೆ ಮಲ ಕಟ್ಟಿದೆಯೆಂದು ಮನುಷ್ಯರ ಎನಿಮಾ ಹಾಕಬೇಡಿ

ನಾಲ್ಕು ಕಿಲೋ ತೂಗುವ ಬೆಕ್ಕು. ಎರಡು ದಿನದಿಂದ ಕಕ್ಕ ಮಾಡಿರಲಿಲ್ಲ. ಲಿಟರ್ ಟ್ರೇಯಲ್ಲಿ ಕೂತು ತಿಣುಕಿ ತಿಣುಕಿ ಸುಮ್ಮನೆ ಎದ್ದು ಬರುತ್ತಿತ್ತು. ಮನೆಯವರು ಔಷಧಿ ಅಂಗಡಿಯಿಂದ ಮನುಷ್ಯರಿಗೆ ಹಾಕುವ ಎನಿಮಾ ಸೀಸೆ ತಂದರು. ಮಕ್ಕಳದ್ದೇ ತಾನೆ ಎಂಬ ಧೈರ್ಯದಲ್ಲಿ ಅಷ್ಟನ್ನೂ ಒಳಗೆ ಬಿಟ್ಟರು. ಮಲವೇನೋ ಬಂತು. ಗಂಟೆಯೊಳಗೆ ವಾಂತಿ ಶುರುವಾಯಿತು, ಹಿಂಗಾಲು ತಡವರಿಸಿತು, ಮೈ ನಡುಗಿ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೂ ಬೆಕ್ಕು ಉಳಿಯಲಿಲ್ಲ. ಅದನ್ನು ಕೊಂದದ್ದು ಮಲಬದ್ಧತೆಯಲ್ಲ, ಸೀಸೆಯಲ್ಲಿದ್ದ ಉಪ್ಪು.

ಆ ಉಪ್ಪಿನ ಹೆಸರು ಸೋಡಿಯಂ ಫಾಸ್ಫೇಟ್. ಕರುಳಿಗೆ ನೀರೆಳೆದು ಮಲ ಸಡಿಲಿಸುವುದು ಅದರ ಕೆಲಸ. ಮನುಷ್ಯರಲ್ಲಿ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೇ ಎಲ್ಲವೂ ಹೊರಬೀಳುತ್ತದೆ. ಬೆಕ್ಕಿನ ಮೈ ಪುಟ್ಟದು, ಮೇಲಾಗಿ ಮಲ ಅಡ್ಡ ಕೂತಿರುವುದರಿಂದ ದ್ರವ ಒಳಗೇ ಉಳಿದು ರಕ್ತಕ್ಕೆ ಇಳಿಯುತ್ತದೆ. ರಕ್ತದಲ್ಲಿ ಏರಿದ ಫಾಸ್ಫೇಟ್ ಕ್ಯಾಲ್ಸಿಯಮನ್ನು ಹಿಡಿದು ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಕುಸಿದರೆ ಸ್ನಾಯು ಅದುರುತ್ತದೆ, ಫಿಟ್ಸ್ ಬರುತ್ತದೆ, ಹೃದಯ ಲಯ ತಪ್ಪುತ್ತದೆ. ಸೋಡಿಯಂ ಏರುವುದು, ಮೈಯ ನೀರು ಕರುಳಿಗೆ ಸೋರುವುದು ಬೇರೆ. ಮಕ್ಕಳ ಸೀಸೆಯ ಸುಮಾರು 60 ಮಿಲಿಲೀಟರ್ ಕೂಡ ಆರೋಗ್ಯವಂತ ಬೆಕ್ಕಿನ ರಕ್ತವನ್ನು ಏರುಪೇರು ಮಾಡಬಲ್ಲದು. ಮೂತ್ರಪಿಂಡ ಸೋತಿರುವ ಮುದಿ ಬೆಕ್ಕಿನ ಗತಿಯೇನು, ಯೋಚಿಸಿ. ಮಲ ಕಟ್ಟುವುದು ಹೆಚ್ಚಾಗಿ ಅಂಥವಕ್ಕೇ.

ಈಗಾಗಲೇ ಹಾಕಿಬಿಟ್ಟಿದ್ದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಸೀಸೆಯನ್ನೂ ಜೊತೆಗೆ ಒಯ್ಯಿರಿ. ಎಷ್ಟು ಮಿಲಿಲೀಟರ್ ಹೋಯಿತು, ಎಷ್ಟು ಹೊತ್ತಿಗೆ ಎಂದು ಪಶುವೈದ್ಯರಿಗೆ ಮುಚ್ಚಿಡದೆ ಹೇಳಿ. ನಾಚಿಕೆಗೆ ಅಲ್ಲಿ ಜಾಗವಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ. ತಿಣುಕುತ್ತಿರುವುದು ಮಲಕ್ಕೋ ಮೂತ್ರಕ್ಕೋ ಎಂದು ನೋಡದೆಯೇ ಮಲಬದ್ಧತೆ ಎಂದುಬಿಡುವುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಹರಳು ಅಥವಾ ಲೋಳೆ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆ. ಕೂರುವ ಭಂಗಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಟ್ರೇಯಲ್ಲಿ ಮೂತ್ರ ಬಿದ್ದು ಆಗುವ ಒದ್ದೆ ಗಟ್ಟಿಗಳು ಎಂದಿನಷ್ಟೇ ಇವೆಯೇ ನೋಡಿ. ಅವು ಇಲ್ಲದೆ, ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗುತ್ತಿದ್ದರೆ, ಕೂಗುತ್ತಿದ್ದರೆ, ಮೂತ್ರದ್ವಾರವನ್ನೇ ನೆಕ್ಕುತ್ತಿದ್ದರೆ ರಾತ್ರಿಯಾದರೂ ಸರಿ, ಆಗಲೇ ಹೊರಡಿ. ಮೂತ್ರ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದೊಳಗೆ ಹೃದಯ ನಿಲ್ಲಬಹುದು. ಹೊಟ್ಟೆ ಒತ್ತಿ ಪರೀಕ್ಷಿಸಲು ಹೋಗಬೇಡಿ, ಬಿಗಿದ ಮೂತ್ರಕೋಶ ಒಡೆಯಬಲ್ಲದು.

ಮೂರನೆಯದು ತಲೆಕೆಳಗಾದ ಮೋಸ. ಒಳಗೆ ಕಲ್ಲಿನಂಥ ಮಲ, ಅದರ ಪಕ್ಕದಿಂದ ನುಸುಳಿ ಹೊರಬರುವ ತೆಳ್ಳನೆಯ ಲೋಳೆನೀರು. ನೋಡಿದವರು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಹಾಕುತ್ತಾರೆ. ಮೊದಲೇ ಸೋತ ಕರುಳು ಇನ್ನಷ್ಟು ಮಂದವಾಗುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಬೆಕ್ಕು ಉಣ್ಣುತ್ತಿದೆ, ವಾಂತಿಯಿಲ್ಲ, ಮೂತ್ರ ಸರಿಯಾಗಿದೆ, ಮಲ ಬಾರದೆ ಎರಡು ದಿನ ಆಗಿಲ್ಲ ಎಂದಾದರೆ ಮೊದಲು ನೀರಿನ ಕಡೆ ಗಮನ ಕೊಡಿ. ಒಣ ಆಹಾರದಲ್ಲಿ ನೀರಿನಂಶ ಸುಮಾರು 10 ಶೇಕಡಾ, ಡಬ್ಬಿಯ ಹಸಿ ಆಹಾರದಲ್ಲಿ 75ರ ಮೇಲೆ. ಹಸಿ ಆಹಾರಕ್ಕೆ ಬದಲಿಸಿ, ಅದಕ್ಕೂ ಒಂದೆರಡು ಚಮಚ ಬೆಚ್ಚನೆಯ ನೀರು ಬೆರೆಸಿ. ಟ್ರೇ ಗಲೀಜಾಗಿದ್ದರೆ ಬೆಕ್ಕು ತಡೆದುಕೊಳ್ಳುತ್ತದೆ. ತಡೆದಷ್ಟೂ ದೊಡ್ಡ ಕರುಳು ನೀರು ಹೀರಿ ಮಲ ಒಣಗುತ್ತದೆ. ಸಂಧಿವಾತವಿರುವ ಮುದಿ ಬೆಕ್ಕಿಗೆ ಅಂಚು ತಗ್ಗಾದ ಟ್ರೇ ಬೇಕು.

ಔಷಧಿಯಲ್ಲಿ ಪಶುವೈದ್ಯರು ಸಾಮಾನ್ಯವಾಗಿ ಹೇಳುವುದು ಎರಡು. ಒಂದು ಲ್ಯಾಕ್ಟುಲೋಸ್ ಸಿರಪ್, ಕಿಲೋಗೆ ಅರ್ಧ ಮಿಲಿಲೀಟರಿನಂತೆ ದಿನಕ್ಕೆ ಎರಡು ಮೂರು ಸಲ. ನಾಲ್ಕು ಕಿಲೋ ಬೆಕ್ಕಿಗೆ ಸಲಕ್ಕೆ 2 ಮಿಲಿಲೀಟರ್ ಆಯಿತು. ಅಂಟಂಟು ಸಿಹಿ, ಬಹಳಷ್ಟು ಬೆಕ್ಕುಗಳು ಜೊಲ್ಲು ಸುರಿಸಿ ಉಗುಳುತ್ತವೆ. ಸಕ್ಕರೆ ಕಾಯಿಲೆಯಿರುವ ಬೆಕ್ಕಿಗೆ ಕೇಳದೆ ಕೊಡಬಾರದು. ಇನ್ನೊಂದು ಪಾಲಿಎಥಿಲೀನ್ ಗ್ಲೈಕಾಲ್ 3350 ಪುಡಿ, ದಿನಕ್ಕೆರಡು ಬಾರಿ ಟೀ ಚಮಚದ ಎಂಟನೇ ಒಂದರಿಂದ ಕಾಲು ಭಾಗ, ಹಸಿ ಆಹಾರದಲ್ಲಿ ಕಲಸಿ. ರುಚಿಯಿಲ್ಲದ್ದರಿಂದ ಬೆಕ್ಕಿಗೆ ಗೊತ್ತಾಗುವುದೇ ಇಲ್ಲ. ಸುವಾಸನೆ, ಲವಣ ಸೇರಿಸದ ಸಾದಾ ಪುಡಿಯೇ ಆಗಬೇಕು. ಎರಡೂ ಮೈಯ ನೀರನ್ನು ಕರುಳಿಗೆ ಎಳೆದೇ ಕೆಲಸ ಮಾಡುವುದು. ಮೈಯಲ್ಲೇ ನೀರಿಲ್ಲದ ಬೆಕ್ಕಿಗೆ ಮೊದಲು ಡ್ರಿಪ್ ಬೇಕು. ಒಸಡು ಮುಟ್ಟಿದರೆ ಅಂಟಂಟಾಗಿದ್ದರೆ ಪುಡಿ ಕೆಳಗಿಡಿ.

ನಾರಿನ ವಿಷಯದಲ್ಲೂ ಅದೇ. ನೀರಿಲ್ಲದೆ ಇಸಬ್‌ಗೋಲು ಹಾಕಿದರೆ ಇರುವ ಗಡ್ಡೆಗೆ ಇನ್ನೊಂದು ಪದರ ಮೆತ್ತಿದಂತೆ. ದ್ರವ ಪ್ಯಾರಾಫಿನ್ ಬಾಯಿಗೆ ಬಿಡುವವರಿದ್ದಾರೆ. ರುಚಿಯಿಲ್ಲದ ಜಾರು ಎಣ್ಣೆ ಗಂಟಲಲ್ಲಿ ಕೆಮ್ಮನ್ನೂ ಎಬ್ಬಿಸದೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ಹರಳೆಣ್ಣೆ ಬೇಡವೇ ಬೇಡ. ಹಾಲು ಹೊಟ್ಟೆ ಕೆಡಿಸುತ್ತದೆಯೇ ಹೊರತು ಗಡ್ಡೆ ಕರಗಿಸುವುದಿಲ್ಲ. ಗುದದ್ವಾರದಲ್ಲಿ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಅದರ ಇನ್ನೊಂದು ತುದಿ ಒಳಗೆಲ್ಲೋ ಸಿಕ್ಕಿಕೊಂಡಿದ್ದರೆ ಕರುಳು ಸೀಳುತ್ತದೆ.

ಎರಡು ದಿನ ದಾಟಿತೋ, ವಾಂತಿ ಬಂತೋ, ಊಟ ಬಿಟ್ಟಿತೋ, ಮನೆಮದ್ದು ಅಲ್ಲಿಗೆ ಮುಗಿಯಿತು. ಆಸ್ಪತ್ರೆಯಲ್ಲೂ ಎನಿಮಾ ಕೊಡುತ್ತಾರೆ, ಆದರೆ ಬೆಚ್ಚನೆಯ ನೀರು ಅಥವಾ ಸಲೈನ್, ಕಿಲೋಗೆ 5ರಿಂದ 10 ಮಿಲಿಲೀಟರ್, ಮೆತ್ತನೆಯ ಕೊಳವೆಯಲ್ಲಿ ನಿಧಾನವಾಗಿ. ರಭಸದಿಂದ ಬಿಟ್ಟರೆ ವಾಂತಿಯಾಗುತ್ತದೆ, ಕರುಳು ತೂತಾಗಲೂಬಹುದು. ಅದಕ್ಕೂ ಜಗ್ಗದಿದ್ದರೆ ಅರಿವಳಿಕೆ ಕೊಟ್ಟು ಕೈಯಿಂದಲೇ ತೆಗೆಯುತ್ತಾರೆ.

ತಿಂಗಳಿಗೊಮ್ಮೆ ಇದೇ ಪಾಡಾದರೆ ಎಕ್ಸ್‌ರೇ ತೆಗೆಸಿ. ಹಿಂದೆಂದೋ ಬಿದ್ದ ಪೆಟ್ಟಿನಿಂದ ಸೊಂಟದ ಮೂಳೆ ಮುರಿದು ದಾರಿ ಕಿರಿದಾಗಿದೆಯೇ, ಕರುಳೇ ಹಿಗ್ಗಿಹೋಗಿದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. ದೊಡ್ಡ ಕರುಳಿನ ಅಗಲ ಸೊಂಟದ ಐದನೇ ಕಶೇರುಕದ, ಅಂದರೆ ಬೆನ್ನುಮೂಳೆಯ ಮಣಿಯ, ಉದ್ದದ ಸುಮಾರು ಒಂದೂವರೆ ಪಟ್ಟು ದಾಟಿದ್ದರೆ ಮೆಗಾಕೋಲನ್, ಅಂದರೆ ಹಿಗ್ಗಿ ಬಲಗೆಟ್ಟ ದೊಡ್ಡ ಕರುಳು, ಎಂದು ಅನುಮಾನಿಸುತ್ತಾರೆ. ಆ ಹಂತದಲ್ಲಿ ಸಿಸಪ್ರೈಡ್‌ನಂಥ, ಕರುಳಿನ ಚಲನೆ ಹೆಚ್ಚಿಸುವ ಔಷಧಿ ನೋಡುತ್ತಾರೆ. ಅದೂ ಸೋತರೆ ದೊಡ್ಡ ಕರುಳಿನ ಬಹುಭಾಗ ತೆಗೆಯುವ ಶಸ್ತ್ರಚಿಕಿತ್ಸೆಯೇ ಉಳಿಯುವುದು.