ಜುಕಿಗೆ ಸರ್ವೋ ಮೋಟಾರು: ಸದ್ದು ಇಳಿಯಿತು, ಎಣ್ಣೆ ಏರಲಿಲ್ಲ

ಹೊಲಿಗೆ ಮಷೀನಿಗೆ ಹಾಕುವ ಸರ್ವೋ ಮೋಟಾರಿನ ಪೆಟ್ಟಿಗೆಯ ಮೇಲೆ ವ್ಯಾಟ್ ಇರುತ್ತದೆ, ವೇಗ ಇರುತ್ತದೆ, ಕರೆಂಟು ಎಷ್ಟು ಉಳಿಯುತ್ತದೆ ಎಂಬ ಡಂಗುರವೂ ಇರುತ್ತದೆ. ಎಣ್ಣೆಯ ಬಗ್ಗೆ ಒಂದಕ್ಷರ ಇರುವುದಿಲ್ಲ. ಮಾರುವವರ ಬಾಯಲ್ಲೂ ಆ ಮಾತು ಬರುವುದಿಲ್ಲ. ಎರಡು ಮದುವೆ ಸೀಸನ್ ದಾಟಿಸಿದ ಮೇಲೆ ಇದನ್ನು ಬರೆಯಲು ಕೂತದ್ದು ಮುಖ್ಯವಾಗಿ ಆ ಎಣ್ಣೆಗಾಗಿ. ಆದರೆ ಹೊಗಳಬೇಕಾದದ್ದೂ ಬಹಳ ಇದೆ, ಅದನ್ನು ಮೊದಲು ಮುಗಿಸುತ್ತೇನೆ.

ನನ್ನದು ಜುಕಿ ಡಿಡಿಎಲ್-8700, ಕಾರ್ಖಾನೆಯ ಹೊಲಿಗೆ ಮಷೀನು. ಗಾರ್ಮೆಂಟ್ ಕಾರ್ಖಾನೆಯೊಂದು ಹಳೆಯ ಮಷೀನುಗಳನ್ನು ಮಾರಿದಾಗ ಬೆಂಗಳೂರಿನಿಂದ ಲಾರಿಯಲ್ಲಿ ಹಾಕಿಸಿಕೊಂಡು ಬಂದದ್ದು. ನಾನು ಹೊಲಿಯುವುದು ಬಾದಾಮಿ ಸೀಮೆಯಲ್ಲಿ. ಗುಳೇದಗುಡ್ಡದ ಖಣದ ರವಿಕೆ, ಇಳಕಲ್ ಸೀರೆಗೆ ಫಾಲ್, ನಡುನಡುವೆ ಮಕ್ಕಳ ಲಂಗ. ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬನಶಂಕರಿ ಜಾತ್ರೆಗೆ ಹೊಸ ರವಿಕೆ ಬೇಕೆನ್ನುವವರು ಅಂಗಡಿಯ ಮೆಟ್ಟಿಲ ಮೇಲೇ ಕೂತಿರುತ್ತಾರೆ. ಇಂಥ ಕೆಲಸಕ್ಕೆ ಕಾರ್ಖಾನೆಯ ಮಷೀನು ಬೇಕೇ ಎಂದು ಕೇಳಿದವರಿದ್ದಾರೆ. ಹೊಲಿಗೆಯ ನೇರ ನೋಡಿದ ಮೇಲೆ ಮತ್ತೆ ಕೇಳಿಲ್ಲ.

ಆದರೆ ಅದರ ಜೊತೆ ಬಂದ ಕ್ಲಚ್ ಮೋಟಾರು ಬೇರೆಯೇ ಪ್ರಾಣಿ. ಸ್ವಿಚ್ ಹಾಕಿದ ಕ್ಷಣದಿಂದ ಆರಿಸುವವರೆಗೆ ಅದು ನಿಮಿಷಕ್ಕೆ 2850 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಲೇ ಇರುತ್ತದೆ. ನೀವು ಹೊಲಿಯುತ್ತಿರಿ, ಹುಕ್ ಹಚ್ಚುತ್ತಿರಿ, ಗಿರಾಕಿಯ ಅಳತೆ ತೆಗೆಯುತ್ತಿರಿ, ಅದಕ್ಕೆ ವ್ಯತ್ಯಾಸವಿಲ್ಲ. ಪೆಡಲ್ ಒತ್ತಿದಾಗ ಕಾರ್ಕ್ ಹಚ್ಚಿದ ತಟ್ಟೆ ತಿರುಗುವ ಚಕ್ರಕ್ಕೆ ತಾಗಿ ಬೆಲ್ಟನ್ನು ಎಳೆಯುತ್ತದೆ, ಬಿಟ್ಟಾಗ ಬ್ರೇಕಿಗೆ ತಾಗಿ ನಿಲ್ಲುತ್ತದೆ. ನಿಧಾನಕ್ಕೆ ಹೊಲಿಯಬೇಕೆಂದರೆ ಆ ಕಾರ್ಕನ್ನು ಅರ್ಧ ಜಾರಿಸುತ್ತ ಕಾಲಿನಲ್ಲೇ ಹದ ಹಿಡಿಯಬೇಕು. ಆ ಹದ ನನಗಿತ್ತು, ಕಲಿಯಲು ಬರುವ ಹುಡುಗಿಯರಿಗೆ ಇರಲಿಲ್ಲ. ಅವರು ಪೆಡಲ್ ಮುಟ್ಟಿದರೆ ಸಾಕು, ತೋಳಿನ ಹೊಲಿಗೆ ಬಗಲು ದಾಟಿ ಹೋಗಿರುತ್ತಿತ್ತು. ಇನ್ನು ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಮೇಜಿನ ಕೆಳಗೆ ಅದೊಂದು ಬೇರೆ ಒಲೆ, ಬಲಗಾಲಿನ ಪಕ್ಕದಲ್ಲೇ.

ಸರ್ವೋ 550 ವ್ಯಾಟಿನದು, ಐದು ಸಾವಿರದ ಆಸುಪಾಸು ಬಿತ್ತು. ಹಳೆಯ ಮೋಟಾರು ನೇತಾಡುತ್ತಿದ್ದ ಮೂರು ಬೋಲ್ಟಿನ ತೂತುಗಳಿಗೇ ಇದೂ ಕೂತಿತು. ಹಳೆಯ ಬೆಲ್ಟು ಉದ್ದವಾಯಿತು, ಹೊಸದು ತರಬೇಕಾಯಿತು. ಹ್ಯಾಂಡ್‌ವೀಲ್ ನಮ್ಮ ಕಡೆಗೆ ತಿರುಗುವಂತೆ ದಿಕ್ಕು ಹೊಂದಿಸಿಕೊಳ್ಳಬೇಕು. ಉಲ್ಟಾ ತಿರುಗಿದರೆ ಹೊಲಿಗೆ ಬೀಳುವುದಿಲ್ಲ, ದಾರ ಗಂಟಾಗುತ್ತದೆ. ಇಷ್ಟೇ ಜೋಡಣೆ.

ಮೊದಲ ದಿನ ಸ್ವಿಚ್ ಹಾಕಿದಾಗ ಏನೂ ಕೇಳಿಸಲಿಲ್ಲ. ಮೋಟಾರು ಕೆಟ್ಟಿದೆ ಎಂದುಕೊಂಡು ನನ್ನ ಜೊತೆಗಾರ್ತಿ ಪ್ಲಗ್ ತೆಗೆದು ಮತ್ತೆ ಹಾಕಿದಳು. ಪೆಡಲ್ ಒತ್ತಿದರೆ ಮಾತ್ರ ತಿರುಗುವ ಮೋಟಾರು ಇದು. ಅಂಗಡಿಯಲ್ಲಿ ರೇಡಿಯೊ ಕೇಳಿಸತೊಡಗಿತು, ಗಿರಾಕಿಗಳು ಕೂಗಿ ಮಾತಾಡುವುದು ನಿಂತಿತು. ಅದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಸೂಜಿಯ ಸದ್ದು. ಮೊಂಡಾದ ಸೂಜಿ ಬಟ್ಟೆಗೆ ಇಳಿಯುವಾಗ ಟಪ್ ಎಂದು ಬೇರೆಯೇ ದನಿ ಮಾಡುತ್ತದೆ. ಕ್ಲಚ್ ಮೋಟಾರಿನ ಗದ್ದಲದಲ್ಲಿ ಇಷ್ಟು ವರ್ಷ ಅದನ್ನು ಕೇಳಿಯೇ ಇರಲಿಲ್ಲ.

ಖಣ ಹೊಲಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಎರಡೂ ಅಂಚಿನ ದಡಿ ತೋಳಿನ ತುದಿಗೆ ಬರಬೇಕು, ಎಡ ತೋಳಿನ ಗೆರೆ ಬಲ ತೋಳಿನದಕ್ಕೆ ಸರಿಯಾಗಿ ಕೂಡಬೇಕು. ಒಮ್ಮೆ ಹೊಲಿದು ಬಿಚ್ಚಿದರೆ ಬಟ್ಟೆಯ ಮೇಲಿನ ಬುಟ್ಟದ ಎಳೆಗಳು ಕಿತ್ತು ಬರುತ್ತವೆ. ಸರ್ವೋದಲ್ಲಿ ವೇಗವನ್ನು ತಗ್ಗಿಸಿ ಕಟ್ಟಿಹಾಕಿದರೆ ಪೆಡಲನ್ನು ಎಷ್ಟೇ ಒತ್ತಿದರೂ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಕೊರಳಿನ ಪೈಪಿಂಗ್ ತಿರುಗಿಸುವಾಗ ಒಂದು ಹೊಲಿಗೆ, ನಿಲ್ಲಿಸು, ಬಟ್ಟೆ ಒತ್ತಿ ಹಿಡಿಯುವ ಫುಟ್ಟನ್ನು ಮೊಣಕಾಲಿನಿಂದ ಎತ್ತು, ಬಟ್ಟೆ ತಿರುವು, ಮತ್ತೊಂದು ಹೊಲಿಗೆ. ನನ್ನ ಮೋಟಾರಿಗೆ ಸೂಜಿ ನಿಲ್ಲಿಸುವ ಸೆನ್ಸರ್ ಇದೆ, ಸೂಜಿ ಬಟ್ಟೆಯೊಳಗೇ ನಿಲ್ಲುತ್ತದೆ. ಹುಡುಗಿಯರು ಈಗ ಬಟ್ಟಲಿನಂತೆ ದುಂಡಗೆ ಕೂಡಿಸುವ ಕಟೋರಿ ರವಿಕೆಯನ್ನೂ ಹೆದರದೆ ಹೊಲಿಯುತ್ತಾರೆ. ಕರೆಂಟು ಹೋದರೆ ಇನ್ವರ್ಟರ್ ಮೇಲೂ ಓಡುತ್ತದೆ. ಕ್ಲಚ್ ಮೋಟಾರು ಚಾಲೂ ಆಗುವ ಏಟಿಗೇ ನನ್ನ ಇನ್ವರ್ಟರ್ ಕೂಗಿ ಮಲಗುತ್ತಿತ್ತು.

ಇಷ್ಟು ಸುಖದಲ್ಲಿ ಕೆಲವು ತಿಂಗಳು ಕಳೆದವು. ಆಮೇಲೆ ಮಷೀನಿನ ತಲೆಯಿಂದ ಒಣ ಸದ್ದು ಬರತೊಡಗಿತು. ಸೂಜಿಯ ಕಂಬಿ ಇರುವ ಎಡಬದಿ ಕೈಯಿಟ್ಟರೆ ಬಿಸಿ. ಮೆಕ್ಯಾನಿಕ್ ಬಂದವನು ಮೋಟಾರನ್ನು ನೋಡಲೇ ಇಲ್ಲ. ತಲೆಯ ಮೇಲಿನ ಎಣ್ಣೆಯ ಕಿಟಕಿಯನ್ನು ತೋರಿಸಿ, ಇದರಲ್ಲಿ ಎಣ್ಣೆ ಹಾರುವುದನ್ನು ಕೊನೆಗೆ ನೋಡಿದ್ದು ಯಾವಾಗ ಎಂದ.

ವಿಷಯ ಹೀಗಿದೆ. ಈ ಮಷೀನು ನಿಮಿಷಕ್ಕೆ 5500 ಹೊಲಿಗೆಯವರೆಗೆ ಓಡಲೆಂದು ಕಾರ್ಖಾನೆಗಾಗಿ ಕಟ್ಟಿದ್ದು. ಎಣ್ಣೆ ಕೆಳಗಿನ ತಟ್ಟೆಯಲ್ಲಿರುತ್ತದೆ, ಅದನ್ನು ಮೇಲಿನ ಶಾಫ್ಟಿಗೆ ಎತ್ತುವುದು ಒಳಗಿರುವ ಪುಟ್ಟ ಪಂಪು. ಪಂಪನ್ನು ತಿರುಗಿಸುವುದು ಮಷೀನೇ. ಮಷೀನು ನಿಧಾನವಾದರೆ ಪಂಪೂ ನಿಧಾನ, ಬೇಸಿಗೆಯಲ್ಲಿ ನಲ್ಲಿಯ ನೀರು ಮಹಡಿಯ ತೊಟ್ಟಿಗೆ ಏರದ ಹಾಗೆ ಎಣ್ಣೆ ಅರ್ಧದಾರಿಯಲ್ಲೇ ಉಳಿಯುತ್ತದೆ. ಕ್ಲಚ್ ಮೋಟಾರಿನಲ್ಲಿ ನಾವು ಬೇಡವೆಂದರೂ ಆಗಾಗ ಭರ್‍ ಎಂದು ಓಡಿಸುತ್ತಿದ್ದೆವು, ಎಣ್ಣೆ ತಾನಾಗಿ ಏರುತ್ತಿತ್ತು. ಸರ್ವೋ ಕೊಟ್ಟ ಸುಖವೇ ನಿಧಾನ, ಆ ನಿಧಾನವೇ ತಲೆಯನ್ನು ಒಣಗಿಸುತ್ತದೆ. ಮಾರಿದ ಅಂಗಡಿಯವರು ಹೇಳಿದ್ದು, ಹಾಕಿಸಿಕೊಂಡು ಮರೆತುಬಿಡಿ ಎಂದು. ಪೆಟ್ಟಿಗೆಯಲ್ಲಿದ್ದ ಕಾಗದ ಚೀನೀ ಭಾಷೆಯಲ್ಲೂ ತೊದಲು ಇಂಗ್ಲಿಷಿನಲ್ಲೂ ಇತ್ತು, ಅದರಲ್ಲೂ ಎಣ್ಣೆಯ ಸುದ್ದಿಯಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೆ.

ಇದರ ಜೊತೆ ಇನ್ನೊಂದು ಮೋಸ ಸೇರಿಕೊಂಡಿದೆ. ಮೋಟಾರಿನ ತೆರೆಯ ಮೇಲೆ ಕಾಣುವ ಅಂಕಿ ಮೋಟಾರಿನ ಸುತ್ತು, ಹೊಲಿಗೆಯ ಲೆಕ್ಕವಲ್ಲ. ಬೆಲ್ಟು ಸುತ್ತುವ ಪುಲ್ಲಿ ಮೋಟಾರಿನದು 50 ಮಿಲಿಮೀಟರ್, ಹ್ಯಾಂಡ್‌ವೀಲಿನದು 75 ಆಗಿದ್ದರೆ ತೆರೆಯಲ್ಲಿ 3000 ಎಂದಾಗ ಬೀಳುವುದು 2000 ಹೊಲಿಗೆ. ಸಣ್ಣ ಪುಲ್ಲಿ ಹಾಕಿ ಕೊಡುವುದಕ್ಕೂ ಕಾರಣವಿದೆ: ನಿಧಾನದಲ್ಲಿ ಬಲ ಹೆಚ್ಚು ಬರುತ್ತದೆ, ಸೊಂಟಪಟ್ಟಿಯ ಕ್ಯಾನ್‌ವಾಸ್ ಮಡಿಕೆಯನ್ನೂ ಸೂಜಿ ತಡವರಿಸದೆ ದಾಟುತ್ತದೆ. ತಲೆ ಬೇಗ ತಿರುಗಿ ಎಣ್ಣೆ ಏರಲೆಂದು ನಾನು ಕೊನೆಗೆ ಮೋಟಾರಿಗೆ ಸ್ವಲ್ಪ ದೊಡ್ಡ ಪುಲ್ಲಿ ಹಾಕಿಸಿದೆ. ರವಿಕೆಗೆ ಅಷ್ಟು ಬಲ ಬೇಕಿಲ್ಲ. ಹುಕ್ ಪಟ್ಟಿಯ ದಪ್ಪ ಸೇರುವಲ್ಲಿ ಮಾತ್ರ ಮೋಟಾರು ಒಮ್ಮೊಮ್ಮೆ ಮುಕ್ಕರಿಯುತ್ತದೆ, ಆಗ ಕೈಯಿಂದ ಚಕ್ರ ತಿರುವಿ ಒಂದು ಹೊಲಿಗೆ ದಾಟಿಸುತ್ತೇನೆ.

ಈಗ ಬೆಳಿಗ್ಗೆ ಅಂಗಡಿ ತೆರೆದು ದೀಪ ಹಚ್ಚಿದ ಮೇಲೆ ಮಷೀನಿನ ಪೂಜೆ ಬೇರೆ. ದಾರ ತೆಗೆಯುತ್ತೇನೆ, ಬಾಬಿನ್ ಕೇಸ್ ಹೊರಗಿಡುತ್ತೇನೆ, ಫುಟ್ ಎತ್ತುತ್ತೇನೆ. ಎತ್ತದಿದ್ದರೆ ಕೆಳಗಿನ ಹಲ್ಲುಗಳು ಫುಟ್ಟಿಗೆ ಉಜ್ಜಿ ಎರಡೂ ಸವೆಯುತ್ತವೆ. ವೇಗ ಏರಿಸಿ ಪೆಡಲನ್ನು ಪೂರ್ತಿ ಒತ್ತಿ ಕಿಟಕಿಯ ಮೇಲೆ ಕಣ್ಣಿಡುತ್ತೇನೆ. ಮೊದಲು ಗಾಜು ಖಾಲಿ. ಸ್ವಲ್ಪ ಹೊತ್ತಿಗೆ ಒಂದು ಹನಿ ಒಳಗಿನಿಂದ ಗಾಜಿಗೆ ಹೊಡೆದು ಜಾರುತ್ತದೆ, ಅದರ ಹಿಂದೆ ಮತ್ತೊಂದು, ಆಮೇಲೆ ಗಾಜೆಲ್ಲ ಚಿಲ್ ಎಂದು ತೊಳೆದಂತಾಗುತ್ತದೆ. ಅಲ್ಲಿಂದ ಇನ್ನೆರಡು ನಿಮಿಷ ಓಡಿಸುತ್ತೇನೆ. ಬಾಬಿನ್ ಸುತ್ತ ತಿರುಗುವ ಶಟಲ್ ಕೆಳಗೆ ಬಿಳಿ ಕಾಗದದ ತುಂಡು ಹಿಡಿದರೆ ತೆಳ್ಳಗೆ ಎಣ್ಣೆಯ ಗೆರೆ ಬೀಳಬೇಕು. ದಪ್ಪ ಬಿದ್ದರೆ ಆ ದಿನ ಮೊದಲ ಹೊಲಿಗೆಗಳೆಲ್ಲ ಚಿಂದಿ ಬಟ್ಟೆಯ ಮೇಲೆ, ಕಲೆ ನಿಲ್ಲುವವರೆಗೆ. ಗಿರಾಕಿಯ ಖಣದ ಮೇಲೆ ಎಣ್ಣೆ ಹಾರಿದರೆ ಮಜೂರಿಯೆಲ್ಲ ಅದಕ್ಕೇ ಹೋಗುತ್ತದೆ. ವಾರಕ್ಕೊಮ್ಮೆ ಎಡಬದಿಯ ಮುಚ್ಚಳ ಬಿಚ್ಚಿ ಸೂಜಿಯ ಕಂಬಿಗೆ, ದಾರ ಎಳೆಯುವ ಕೈಗೆ ಒಂದೊಂದು ಹನಿ ಬೇರೆಯಾಗಿ ಬಿಡುತ್ತೇನೆ. ಇದನ್ನೆಲ್ಲ ಮಾಡತೊಡಗಿದ ಮೇಲೆ ಒಣ ಸದ್ದು ಹೋಗಿದೆ, ಬಿಸಿಯೂ ಇಲ್ಲ. ಹಾಗಾಗಿ ಸಿಟ್ಟೂ ಬಹುಪಾಲು ಇಳಿದಿದೆ, ಮಾರಿದವರ ಮೇಲಿನದನ್ನು ಬಿಟ್ಟು.

ಮಕ್ಕಳು, ಹೊಸಬರು ಇರುವಲ್ಲಿ ಒಂದು ಎಚ್ಚರ ಬೇಕು. ಕ್ಲಚ್ ಮೋಟಾರು ಚಾಲೂ ಇದೆಯೆಂದು ಕಿವಿಗೆ ಗೊತ್ತಾಗುತ್ತಿತ್ತು. ಇದು ಸುಮ್ಮನಿರುತ್ತದೆ. ಸೂಜಿಗೆ ದಾರ ಪೋಣಿಸುವಾಗ ಕಾಲು ಪೆಡಲಿಗೆ ತಾಗಿದರೆ ಬೆರಳು ಹೋದಂತೆ. ಪೋಣಿಸುವ ಮೊದಲು ಸ್ವಿಚ್ ಆರಿಸಿ ಎನ್ನುವುದು ನಮ್ಮ ಅಂಗಡಿಯ ಕಟ್ಟಳೆ, ಅದೂ ತೆರೆಯ ಅಂಕಿ ಪೂರ್ತಿ ಆರುವವರೆಗೆ ಕಾಯಬೇಕು. ಸ್ವಿಚ್ ತೆಗೆದ ಮೇಲೂ ಕೆಲವು ಕ್ಷಣ ಅದು ಉರಿಯುತ್ತಿರುತ್ತದೆ.

ಕೈಯಲ್ಲಿ ಇಪ್ಪತ್ತು ಸಾವಿರದ ಮೇಲಿದ್ದರೆ, ಈಗಿರುವ ಮಷೀನಿನ ತಲೆ ಸವೆದಿದ್ದರೆ, ಮೋಟಾರು ಬದಲಿಸದೆ ನೇರವಾಗಿ ಡೈರೆಕ್ಟ್ ಡ್ರೈವ್, ಎಂದರೆ ಮೋಟಾರು ತಲೆಯಲ್ಲೇ ಕೂತಿರುವ ಮಷೀನನ್ನೇ ತೆಗೆದುಕೊಳ್ಳಿ; ಬೆಲ್ಟೂ ಇಲ್ಲ, ಪುಲ್ಲಿಯ ಲೆಕ್ಕವೂ ಇಲ್ಲ. ನನ್ನಂತೆ ಗಟ್ಟಿ ತಲೆಯ ಹಳೆಯ ಜುಕಿ ಇದ್ದು, ರವಿಕೆಯಂಥ ನಿಂತು ನಿಂತು ಹೊಲಿಯುವ ಕೆಲಸವಿದ್ದರೆ ಸರ್ವೋ ಹಾಕಿಸಿ. ಕಿಟಕಿ ನೋಡುವ ತಾಳ್ಮೆ ಇರುವವರು ಮಾತ್ರ. ಪೀಸಿನ ಲೆಕ್ಕದಲ್ಲಿ ದಿಂಬಿನ ಚೀಲ, ಪೆಟಿಕೋಟ್ ಓಡಿಸುವವರಿಗೆ ಕೈಗೆ ಬರುವ ಲಾಭ ಕರೆಂಟಿನ ಬಿಲ್ಲಿನದಷ್ಟೇ. ಬಟ್ಟೆಯ ಅಂಚು ಕಟ್ಟುವ ನನ್ನ ಓವರ್‌ಲಾಕ್ ಮಷೀನಿಗೂ ಇದನ್ನೇ ಹಾಕಿಸಿ ಎಂದು ಅದೇ ಅಂಗಡಿಯವರು ಫೋನ್ ಮಾಡಿದ್ದರು. ಬೇಡವೆಂದೆ. ಓವರ್‌ಲಾಕ್ ಹೇಗೂ ಪೂರ್ತಿ ವೇಗದಲ್ಲೇ ಓಡುತ್ತದೆ, ದಿನಕ್ಕೆ ಒಂದು ತಾಸೂ ಕೆಲಸವಿಲ್ಲ. ಅದರ ಕೆಳಗೆ ಕ್ಲಚ್ ಮೋಟಾರೇ ಇರಲಿ.